ಫ್ರಿಜ್ಜಿನಲ್ಲಿದ್ದ ಮೂರನೆಯ ಬಾಟಲಿ

ಲಲಿತಾಂಬ ಅವರ ಫಲಿತಾಂಶ ಸರಿಯಾಗಿತ್ತು. ತಪ್ಪಾಗಿದ್ದದ್ದು ನನ್ನ ಬಾಟಲಿ. ಅದು ನನಗೆ ಗೊತ್ತಿತ್ತು—ಗೊತ್ತಿದ್ದೂ, ಅವರ ಪ್ರಯೋಗಾಲಯ ನಂಬಲರ್ಹವಲ್ಲ ಎಂದು ಕಡತದಲ್ಲಿ ಬರೆದು ಸಹಿ ಹಾಕಿದೆ. ಆ ಬರಹದಿಂದ ಒಬ್ಬ ಹೆಂಗಸು ಕಟ್ಟಿ ಬೆಳೆಸಿದ್ದ ಕೆಲಸ ಮುಗಿಯಿತು. ಇನ್ನೊಬ್ಬಳ ಜೀವ ಹೋಯಿತು.

ಇಷ್ಟನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಹೇಗಾಯಿತು ಎಂದು ವಿವರಿಸಲು ಹೊರಟರೆ ನನ್ನ ಮಾತು ಮೆಲ್ಲಗೆ ನನ್ನ ಪರವಾಗಿಯೇ ತಿರುಗಿಕೊಳ್ಳುತ್ತದೆ, ನನಗೂ ತಿಳಿಯದ ಹಾಗೆ. ಕನ್ನಡಿಯ ಮುಂದೆ ಎಷ್ಟು ಸಲ ಹೇಳಿಕೊಂಡಿದ್ದೇನೋ, ಅಷ್ಟೂ ಸಲ ಕೊನೆಗೆ ನಾನೇ ಪಾಪದವನಾಗಿ ಉಳಿದಿದ್ದೇನೆ. ಆದ್ದರಿಂದ ತೀರ್ಪು ಮೊದಲು, ಕಥೆ ಆಮೇಲೆ.

ನಗರದ ಒಳಚರಂಡಿ ನೋಡಿಕೊಳ್ಳುವ ಕಚೇರಿಯಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ಕಚೇರಿಯ ಹೆಸರು ಬೇಡ, ತಪ್ಪು ಅದರದಲ್ಲ. ಕೊಳಚೆ ಶುದ್ಧೀಕರಿಸುವ ಘಟಕಗಳಿಂದ ಹೊರಬೀಳುವ ನೀರು, ಚರಂಡಿ ಪೈಪುಗಳ ಪಕ್ಕದ ಬಾವಿ, ಬೋರ್‌ವೆಲ್‌ಗಳ ನೀರು—ಇವನ್ನೆಲ್ಲ ತರಿಸಿ ಪರೀಕ್ಷಿಸುವುದು ನಮ್ಮ ಕೆಲಸ. ತೊಂಬತ್ತರ ದಶಕದ ಕೊನೆಯ ಭಾಗದಲ್ಲಿ, ನಮ್ಮ ಹಳೆಯ ಲ್ಯಾಬನ್ನು ಮುಚ್ಚೋಣ, ಪರೀಕ್ಷೆಗಳನ್ನು ಹೊರಗಿನ ಪ್ರಯೋಗಾಲಯಕ್ಕೆ ಗುತ್ತಿಗೆ ಕೊಡೋಣ ಎಂಬ ತೀರ್ಮಾನವಾಯಿತು. ಟೆಂಡರಿನ ಷರತ್ತುಗಳನ್ನು ಬರೆಯುವ ಕೆಲಸ ನನಗೆ ಬಿತ್ತು.

ಆ ಷರತ್ತುಗಳಲ್ಲಿ ಒಂದರ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಟೆಂಡರಿನ ಕೊನೆಯ ಸುತ್ತಿಗೆ ಬಂದ ಪ್ರತಿ ಲ್ಯಾಬಿಗೂ ನಾನೇ ಒಂದು ಬಾಟಲಿ ನೀರು ತಯಾರಿಸಿ ಕಳಿಸುವುದು. ಅದರಲ್ಲಿ ಎಷ್ಟು ನೈಟ್ರೇಟ್ ಬೆರೆಸಿದ್ದೇನೆ ಎಂಬುದು ನನಗೊಬ್ಬನಿಗೇ ಗೊತ್ತು. ಚರಂಡಿ ನೀರು ನೆಲದೊಳಗೆ ಸೋರಿ ಬಾವಿಗೆ ಸೇರಿದರೆ ಮೊದಲು ಏರುವುದೇ ಈ ನೈಟ್ರೇಟ್. ಲೀಟರಿಗೆ ನಲವತ್ತೈದು ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ಆಗದು. ಯಾರ ಉತ್ತರ ನನ್ನ ಲೆಕ್ಕಕ್ಕೆ ಹತ್ತಿರ ಬರುತ್ತದೋ ಅವರಿಗೆ ಗುತ್ತಿಗೆ. ಜಗಳ ಬಂದರೆ ತೆರೆದು ನೋಡಲು ಅದೇ ನೀರಿನ ಇನ್ನೊಂದು ಬಾಟಲಿ ನಮ್ಮ ಫ್ರಿಜ್ಜಿನಲ್ಲಿ ಇರತಕ್ಕದ್ದು. ಇದನ್ನೂ ನಾನೇ ಬರೆದಿದ್ದೆ. ನನ್ನ ಕೈಯಾರೆ.

ಹಲವರು ಅರ್ಜಿ ಹಾಕಿದರೂ ಕೊನೆಗೆ ಉಳಿದದ್ದು ಇಬ್ಬರು.

ಒಬ್ಬರು ಲಲಿತಾಂಬ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದ ಕೆಲಸ ಬಿಟ್ಟು, ಬಸವನಗುಡಿಯ ತಮ್ಮ ಮನೆಯ ಹಿಂಭಾಗದಲ್ಲಿ ಲ್ಯಾಬು ಶುರುಮಾಡಿದ್ದವರು. ಗಾಂಧಿ ಬಜಾರಿನ ಹೂವಿನ ಸಾಲು ದಾಟಿ ಎಡಕ್ಕೆ ತಿರುಗಿದರೆ ನಾಲ್ಕನೆಯ ಮನೆ. ನಾನು ತಪಾಸಣೆಗೆ ಹೋದ ದಿನ ಅವರು ನನ್ನನ್ನು ಹೊರಗೇ ನಿಲ್ಲಿಸಿ, ಚಪ್ಪಲಿ ಬಿಡಿಸಿ, ಕೈ ತೊಳೆಸಿದ ಮೇಲೆಯೇ ಒಳಗೆ ಬಿಟ್ಟದ್ದು. ಹೋಟೆಲೊಂದರ ನೀರಿನಲ್ಲಿ ರೋಗಾಣು ಬೆಳೆಯುತ್ತದೆಯೇ ಎಂಬ ಪರೀಕ್ಷೆ ನಡೆಯುತ್ತಿತ್ತು. ಇನ್‌ಕ್ಯುಬೇಟರಿನ ಥರ್ಮಾಮೀಟರು ಒಂದು ಡಿಗ್ರಿ ಹೆಚ್ಚು ತೋರಿಸುತ್ತಿದೆ ಎಂದು ಅವರಿಗೆ ಕಂಡಿತು. ನನ್ನ ಕಣ್ಣೆದುರೇ ಅಷ್ಟೂ ಟ್ಯೂಬುಗಳನ್ನು ಎತ್ತಿ ಪಕ್ಕಕ್ಕಿಟ್ಟು ಹೋಟೆಲಿನವರಿಗೆ ಫೋನು ಮಾಡಿದರು.

"ಇನ್ನೊಂದ್ಸಲ ನೀರು ಕಳ್ಸಿ. ಹೌದು, ತಡ ಆಗುತ್ತೆ. ನಮ್ದೇ ತಪ್ಪು, ನಿಮ್ದಲ್ಲ."

ನಮ್ಮದೇ ತಪ್ಪು—ಎಷ್ಟು ಸುಲಭವಾಗಿ ಅಂದುಬಿಟ್ಟರು ಅವರು ಆ ಮಾತನ್ನು.

ಇನ್ನೊಬ್ಬ ದಿವಾಕರ. ಕಾಲೇಜಿನಲ್ಲಿ ನನ್ನ ಜೊತೆ ಓದಿದವನು. ವೈಯಾಲಿಕಾವಲ್‌ನಲ್ಲಿ ಮೊದಲನೆಯ ಮಹಡಿಯಲ್ಲಿ ಅವನ ಲ್ಯಾಬು; ಗಾಜಿನ ಕೋಣೆ, ಏಸಿ, ಗೋಡೆಯ ಮೇಲೆ ಕಟ್ಟು ಹಾಕಿಸಿದ ಪ್ರಮಾಣಪತ್ರಗಳು. ಹೊಸ ಯಂತ್ರಗಳ ಮೇಲೆ ಕಾರ್ಖಾನೆಯಿಂದ ಬಂದ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇತ್ತು. ನಾನು ಅದನ್ನು ನೋಡಿದೆ. ತಪಾಸಣೆಯ ವರದಿಯಲ್ಲಿ ಬರೆಯಲಿಲ್ಲ.

ಯಾಕೆ ಬರೆಯಲಿಲ್ಲ ಎಂದರೆ—ಆ ತಿಂಗಳು ದಿವಾಕರನ ತಮ್ಮ ಮೋಹನನಿಗೂ ನನ್ನ ತಂಗಿ ಪದ್ಮಿನಿಗೂ ಸಂಬಂಧದ ಮಾತು ನಡೆಯುತ್ತಿತ್ತು. ಪದ್ಮಿನಿಗೆ ಮೂವತ್ತೊಂದು ತುಂಬಿತ್ತು. ಮಲ್ಲೇಶ್ವರದ ನಮ್ಮ ಬಾಡಿಗೆ ಮನೆಯ ನಡುಕೋಣೆಗೆ ಏಳು ಕಡೆಯವರು ಬಂದು ಉಪ್ಪಿಟ್ಟು ತಿಂದು ಹೋಗಿದ್ದರು. ಏಳನೆಯವರು ಹೋದ ಮೇಲೆ ಅವಳು ಸೀರೆ ಬದಲಿಸದೆ ಹಾಗೇ ಕೂತು ಶಾಲೆಯ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಅದನ್ನು ನೋಡಿ ಅಮ್ಮ ಅಡುಗೆಮನೆಗೆ ಹೋಗಿ ಅತ್ತಳು.

ಒಂದು ಭಾನುವಾರ ಬೆಳಿಗ್ಗೆ ದಿವಾಕರನ ಮನೆಯವರು ಬಂದರು. ಮಾತು ಚೆನ್ನಾಗಿಯೇ ನಡೆಯಿತು. ಹೊರಡುವಾಗ ಉಳಿದವರು ಗೇಟಿನ ಹತ್ತಿರ ಹೋಗಿದ್ದರು. ದಿವಾಕರ ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟಿಕೊಳ್ಳುತ್ತ, ಏನೋ ನೆನಪಾದವನ ಹಾಗೆ ಅಂದ:

"ನಾಳೆ ನಾಡಿದ್ದರಲ್ಲಿ ಬಾಟಲ್ ಕಳ್ಸ್ತೀಯಂತಲ್ಲ. ಅಂದಾಜು ಎಷ್ಟಿರುತ್ತೆ ಅಂತ ಗೊತ್ತಿದ್ರೆ ನಮ್ ಹುಡುಗ್ರಿಗೆ ಸ್ವಲ್ಪ ಸುಲಭ ಆಗುತ್ತೆ ಗುರು. ಅಷ್ಟೇ."

ಹೇಳದಿದ್ದರೆ ಸಂಬಂಧ ಕೆಡುತ್ತದೆ ಎಂದು ಅವನು ಅನ್ನಲಿಲ್ಲ. ಕಣ್ಣಲ್ಲೂ ಹಾಗೆ ತೋರಿಸಲಿಲ್ಲ. ಅದನ್ನು ನಾನೇ ನನ್ನೊಳಗೆ ಅಂದುಕೊಂಡೆ.

"ನಲವತ್ತರ ಹತ್ರ," ಎಂದೆ.

ಅವನು ಇನ್ನೊಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ಮರುದಿನ ಬಾಟಲಿಗಳನ್ನು ತಯಾರಿಸಿದೆ. ಲ್ಯಾಬಿನ ಸಾಮಾನನ್ನೆಲ್ಲ ಆಗಲೇ ಪೆಟ್ಟಿಗೆಗಳಿಗೆ ತುಂಬಿಸಿದ್ದರು. ಲೀಟರಿಗೆ ನಲವತ್ತು ಮಿಲಿಗ್ರಾಂ ಬರುವಂತೆ ಲೆಕ್ಕ ಹಾಕಿ, ಒಂದು ಲೀಟರಿನ ಫ್ಲಾಸ್ಕಿಗೆ ಬೇಕಾಗುವಷ್ಟು ದ್ರಾವಣ ಅಳೆದೆ. ಮೇಜಿನ ಮೇಲೆ ಒಂದೇ ಫ್ಲಾಸ್ಕ್ ಉಳಿದಿತ್ತು. ಅದರಲ್ಲೇ ಕಲಸಿ, ಗುರುತಿನವರೆಗೆ ನೀರು ತುಂಬಿಸಿ, ಮೂರು ಚಿಕ್ಕ ಬಾಟಲಿಗಳಿಗೆ ಸುರಿದು ಮುಚ್ಚಿ ಅರಗು ಹಾಕಿದೆ. ಒಂದು ಲಲಿತಾಂಬ ಅವರಿಗೆ, ಒಂದು ದಿವಾಕರನಿಗೆ, ಮೂರನೆಯದು ಫ್ರಿಜ್ಜಿಗೆ.

ಹತ್ತು ದಿನದ ಮೇಲೆ ಲಕೋಟೆಗಳನ್ನು ತೆರೆದೆ. ದಿವಾಕರನ ಉತ್ತರ, 40.2. ಆ ಚುಕ್ಕೆ ಎರಡನ್ನು ನಿಜವೆನಿಸಲೆಂದೇ ಸೇರಿಸಿದ್ದ. ಲಲಿತಾಂಬ ಅವರದು 79.6.

ನನಗೆ ಮೊದಲು ಅನಿಸಿದ್ದನ್ನು ಹೇಳಿಬಿಡುತ್ತೇನೆ—ನೆಮ್ಮದಿ. ಸದ್ಯ, ಅವರೇ ತಪ್ಪಿದ್ದಾರೆ. ನಾನು ಅಂದ ಆ ಎರಡು ಪದಗಳಿಂದ ಯಾರಿಗೂ ಅನ್ಯಾಯವಾಗಲಿಲ್ಲ ಎಂಬ ನೆಮ್ಮದಿ. ಕಾಫಿ ತರಿಸಿ ಕುಡಿದೆ. ಕುಡಿಯುತ್ತಿರುವಾಗಲೇ ಮನಸ್ಸಿಗೆ ಹೊಳೆಯಿತು: ಸರಿಯಾಗಿ ಎರಡರಷ್ಟು. ಲಲಿತಾಂಬ ಅಂಥವರು ತಪ್ಪಿದರೂ ಸರಿಯಾಗಿ ಎರಡರಷ್ಟು ತಪ್ಪುವುದು ಹೇಗೆ?

ಎದ್ದು ಹೋಗಿ ಪೆಟ್ಟಿಗೆಗಳನ್ನು ಬಿಚ್ಚಿದೆ. ಒಂದು ಲೀಟರಿನ ಫ್ಲಾಸ್ಕ್ ಹುಲ್ಲಿನ ನಡುವೆ ಭದ್ರವಾಗಿ ಮಲಗಿತ್ತು. ಯಾರೂ ಅದನ್ನು ಹೊರಗೆ ತೆಗೆದೇ ಇರಲಿಲ್ಲ. ನಾನು ಕಲಸಿದ್ದು ಅರ್ಧ ಲೀಟರಿನದರಲ್ಲಿ. ಲೀಟರಿಗೆಂದು ಅಳೆದದ್ದನ್ನು ಅರ್ಧ ಲೀಟರಿಗೆ ಬೆರೆಸಿದರೆ ನಲವತ್ತು ಎಂಬತ್ತಾಗುತ್ತದೆ—ಇದು ಹೈಸ್ಕೂಲು ಹುಡುಗರ ಲೆಕ್ಕ. ಆದರೂ ಇರಲಿ ಎಂದು ಮೂರನೆಯ ಬಾಟಲಿಯಿಂದ ಸ್ವಲ್ಪ ನೀರು ತೆಗೆದು ನಾನೇ ಪರೀಕ್ಷಿಸಿದೆ. ಎಂಬತ್ತು.

ಅಂದರೆ ಲಲಿತಾಂಬ ಬಾಟಲಿಯಲ್ಲಿ ಏನಿತ್ತೋ ಅದನ್ನು ಬರೆದಿದ್ದರು. ದಿವಾಕರ ಬಾಟಲಿಯನ್ನು ತೆರೆದೇ ಇರಲಿಲ್ಲ; ಅಥವಾ ತೆರೆದು, ಎಂಬತ್ತು ಕಂಡು, ನನ್ನ ಮಾತನ್ನು ನಂಬಿ ನಲವತ್ತು ಬರೆದಿದ್ದ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ನನಗೆ ಇವತ್ತಿಗೂ ಹೇಳಲಾಗುವುದಿಲ್ಲ.

ಆಗಲಾದರೂ ಫ್ಲಾಸ್ಕ್ ತಪ್ಪಾಯಿತು ಎಂದು ಒಪ್ಪಿಕೊಳ್ಳಬಹುದಿತ್ತು. ಆದರೆ ಒಪ್ಪಿಕೊಂಡ ಕೂಡಲೇ ಮುಂದಿನ ಪ್ರಶ್ನೆ ಬರುತ್ತಿತ್ತು—ಬಾಟಲಿಯಲ್ಲಿ ಎಂಬತ್ತಿದ್ದರೆ, ನಾಗಭೂಷಣ ಅವರೇ, ನಿಮ್ಮ ತಲೆಯಲ್ಲಿ ಮಾತ್ರ ಇದ್ದ ನಲವತ್ತು ದಿವಾಕರ್ ಅವರಿಗೆ ಎಲ್ಲಿಂದ ಸಿಕ್ಕಿತು? ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿತ್ತು. ಅದೇ ತೊಂದರೆಯಾಗಿತ್ತು.

ಫಲಿತಾಂಶ ಸ್ವೀಕಾರಾರ್ಹವಲ್ಲ ಎಂಬ ಪತ್ರ ತಲುಪಿದ ಮರುದಿನವೇ ಲಲಿತಾಂಬ ಕಚೇರಿಗೆ ಬಂದರು. ಕಂಕುಳಲ್ಲಿ ದಪ್ಪನೆಯ ನೋಟುಪುಸ್ತಕ. ನಮ್ಮ ಸಾಹೇಬರ ಕೋಣೆಯಲ್ಲಿ ನನ್ನನ್ನೂ ಕೂರಿಸಿದರು. ಲಲಿತಾಂಬ ಪುಸ್ತಕ ತೆರೆದು ಮೇಜಿನ ಮೇಲಿಟ್ಟರು.

"ಮೂರು ಸಲ ಮಾಡಿದೀನಿ ಸಾರ್. ಮೂರು ದಿನ, ಬೇರೆ ಬೇರೆ. ಇವರು ಕಳ್ಸಿದ್ ಬಾಟಲಲ್ಲಿ ಇರೋದು ಎಂಬತ್ತು. ಒಂದೋ ನಾನು ತಪ್ಪಿರ್ಬೇಕು, ಇಲ್ಲಾ ಇವರು. ಜಗಳ ಯಾಕೆ, ಇನ್ನೊಂದು ಬಾಟಲ್ ಇಟ್ಟಿರ್ತೀವಿ ಅಂತ ನಿಮ್ ಷರತ್ತಲ್ಲೇ ಇದೆ. ತೆಗೀರಿ, ಇಲ್ಲೇ ಎಲ್ರ ಮುಂದೆ ನೋಡೋಣ."

ಸಾಹೇಬರು ನನ್ನ ಕಡೆ ತಿರುಗಿದರು. ಗೋಡೆಯ ಆ ಬದಿಗೇ ಫ್ರಿಜ್ಜು ಇತ್ತು. ಅದರ ಮೋಟಾರಿನ ಸದ್ದು ನನಗೆ ಕೇಳುತ್ತಿತ್ತು.

"ಆ ಬಾಟಲ್ ಒಡೆದೋಯ್ತು ಮೇಡಂ," ಎಂದೆ.

"ಒಡೆದೋಯ್ತಾ? ರಿಜಿಸ್ಟರಲ್ಲಿ ಬರ್ದಿರ್ಬೇಕಲ್ಲ?"

"ಬರೀಬೇಕಿತ್ತು. ಮರ್ತೆ."

ಅವರು ನನ್ನನ್ನು ನೋಡಿದರು. ಕೋಪದಿಂದಲ್ಲ. ಒಂದು ದ್ರಾವಣ ಬಣ್ಣ ತಿರುಗುತ್ತದೋ ಇಲ್ಲವೋ ಎಂದು ಕಾಯುವವರ ಹಾಗೆ. ನಾನು ಅವರ ನೋಟುಪುಸ್ತಕದ ಮೇಲೆ ಕಣ್ಣಿಟ್ಟು ಕೂತೆ. ಸಾಹೇಬರು, "ಆಯ್ತಮ್ಮ, ಮುಂದಿನ್ ಸಲ ನೋಡೋಣ" ಎಂದು ಎದ್ದರು.

ಅಂದು ಸಂಜೆ ನಾಲ್ಕರ ಹೊತ್ತಿಗೆ ಮೂರನೆಯ ಬಾಟಲಿಯನ್ನು ತೆಗೆದು ಸಿಂಕಿಗೆ ಸುರಿದೆ. ಬರಿ ಬಾಟಲಿಯನ್ನು ಕಾಗದದಲ್ಲಿ ಸುತ್ತಿ ಒಡೆದೆ—ಒಡೆದಿದೆ ಎಂದದ್ದು ಸುಳ್ಳಾಗಬಾರದು ಎಂದೇನೋ! ರಿಜಿಸ್ಟರಿನಲ್ಲಿ ಹಿಂದಿನ ವಾರದ ತಾರೀಖು ಹಾಕಿ ಬರೆದೆ. ನಂತರ ಕಡತದಲ್ಲಿ, 'ಸದರಿ ಪ್ರಯೋಗಾಲಯದ ಫಲಿತಾಂಶಗಳು ನಂಬಲರ್ಹವಾಗಿರುವುದಿಲ್ಲ' ಎಂದು ಬರೆದೆ. ಒಂದೇ ಸಾಲು. ಅಕ್ಷರ ದುಂಡಗೆ ಬಂದಿತ್ತು.

ಲಲಿತಾಂಬ ಮೇಲಧಿಕಾರಿಗಳಿಗೆ ದೂರು ಕೊಟ್ಟರು. ಕಚೇರಿಯ ಪದ್ಧತಿಯಂತೆ ಆ ದೂರು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದು, ಉತ್ತರ ಬರೆಯಲು ನನ್ನ ಮೇಜಿಗೇ ಬಂತು. ಉತ್ತರವನ್ನೂ ನಾನೇ ಬರೆದೆ.

ನಮ್ಮ ಕಚೇರಿ ಒಪ್ಪಿದ ಲ್ಯಾಬುಗಳ ಪಟ್ಟಿಯನ್ನು ನೋಡಿ ಕೆಲಸ ಕೊಡುವವರು ಊರಲ್ಲಿ ಬಹಳ ಮಂದಿ ಇದ್ದರು. ಆ ಸಾಲಿನ ಸುದ್ದಿ ಅವರಿಗೆಲ್ಲ ಹೋಯಿತು. ಎರಡು ವರ್ಷದೊಳಗೆ ಬಸವನಗುಡಿಯ ಲ್ಯಾಬಿನ ಬೋರ್ಡು ಇಳಿಯಿತು. ಯಂತ್ರಗಳು ಯಾವುದೋ ಕಾಲೇಜಿಗೆ ಹೋದವು. ಗೇಟಿಗೆ 'ಪಿಯುಸಿ ಕೆಮಿಸ್ಟ್ರಿ ಟ್ಯೂಷನ್' ಎಂಬ ತಗಡು ಬಂತು. ಆ ರಸ್ತೆಯಲ್ಲಿ ಹೋಗುವುದನ್ನೇ ನಾನು ಬಿಟ್ಟೆ. ಅಷ್ಟರಲ್ಲಿ ಪದ್ಮಿನಿಯ ಮದುವೆ ಆಗಿತ್ತು. ಅವಳು ಸುಖವಾಗಿದ್ದಳು. ಮೋಹನ ನಿಜಕ್ಕೂ ಒಳ್ಳೆಯವನು. ಅವರ ಮನೆಗೆ ಹೋಗಿ ಬಂದಾಗಲೆಲ್ಲ ನನಗೆ ನಾನೇ ಅಂದುಕೊಳ್ಳುತ್ತಿದ್ದೆ—ಏನೋ ಒಂದು ಒಳ್ಳೆಯದಂತೂ ಆಯಿತಲ್ಲ.

ದಿವಾಕರನಿಗೆ ಸಿಕ್ಕ ಗುತ್ತಿಗೆಯ ಮೂರನೆಯ ವರ್ಷ. ಚಾಮರಾಜಪೇಟೆಯ ಒಂದು ಗಲ್ಲಿಯಿಂದ ದೂರು ಬಂತು. ಪ್ರೆಸ್ಸುಗಳಲ್ಲಿ, ಬೈಂಡಿಂಗ್ ಅಂಗಡಿಗಳಲ್ಲಿ ಕೆಲಸ ಮಾಡುವವರ ಮನೆಗಳು. ಎಲ್ಲರಿಗೂ ಸೇರಿ ಒಂದು ಕೈಪಂಪು. ನೀರು ವಾಸನೆ ಬರುತ್ತಿದೆ ಎಂಬುದು ದೂರು. ನಾನೇ ಹೋದೆ. ತುಂಬಿದ ಬಸುರಿ ಅಲ್ಲ, ಐದು ತಿಂಗಳಿರಬಹುದು—ಒಬ್ಬ ಹುಡುಗಿ ಪಂಪು ಹೊಡೆದು, ಸ್ಟೀಲ್ ಚೊಂಬಿನಲ್ಲಿ ನೀರು ಹಿಡಿದು ನನ್ನ ಮುಂದೆ ಚಾಚಿದಳು.

"ನೀವೇ ಮೂಸಿ ನೋಡಿ ಸಾರ್. ನಮ್ ಅತ್ತೆ ನಿಂಗೆ ಬಸುರಲ್ಲಿ ಎಲ್ಲಾ ವಾಸ್ನೆ ಅಂತಾರೆ."

ಮೂಸಿದೆ. ಬಸುರಿನ ವಾಸನೆಯಲ್ಲ, ಅದು ಚರಂಡಿಯದು. ಇಪ್ಪತ್ತು ವರ್ಷ ಅದೇ ವಾಸನೆಯಲ್ಲಿ ಅನ್ನ ತಿಂದವನು ನಾನು.

"ಟೆಸ್ಟ್ ರಿಪೋರ್ಟ್ ಬರೋವರ್ಗೂ ಇದನ್ನ ಕುಡೀಬೇಡಮ್ಮ. ಬೇರೆ ಕಡೆಯಿಂದ ತನ್ನಿ," ಎಂದು ಹೇಳಿ, ಲ್ಯಾಬಿಗೆಂದು ಒಂದು ಬಾಟಲಿ ನೀರು ತುಂಬಿಸಿಕೊಂಡೆ.

ಅವಳ ಹೆಸರು ಮಂಜುಳ. ಗಂಡ ಶಿವಣ್ಣ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ. ಹೇಳಿದ ಮಾತು ಕೇಳುವ ಹುಡುಗಿ ಅವಳು—ಎರಡು ರಸ್ತೆ ದಾಟಿ, ದೊಡ್ಡ ನಲ್ಲಿಯಿಂದ ಕೊಡದಲ್ಲಿ ನೀರು ಹೊತ್ತಳು. ಹನ್ನೊಂದು ದಿನ.

ಹನ್ನೆರಡನೆಯ ದಿನ ದಿವಾಕರನ ಲ್ಯಾಬಿನ ವರದಿ ಬಂತು. ನೈಟ್ರೇಟ್ ಇಪ್ಪತ್ತೆರಡು. ಮಲದ ರೋಗಾಣು ಇಲ್ಲ. ಕುಡಿಯಲು ಯೋಗ್ಯ.

ಆ ಕಾಗದವನ್ನು ಎಷ್ಟು ಹೊತ್ತು ಹಿಡಿದು ಕೂತಿದ್ದೆನೋ. ಸುಳ್ಳು ಎಂದು ಗೊತ್ತು. ಮೂಗಿಗೆ ಗೊತ್ತು. ಆ ಲ್ಯಾಬಿನವರು ಬಾಟಲಿಯಲ್ಲಿಲ್ಲದ ಉತ್ತರ ಬರೆಯಬಲ್ಲರು ಎಂಬುದನ್ನು ಇಡೀ ಊರಲ್ಲಿ ಕಣ್ಣಾರೆ ಕಂಡವನು ನಾನೊಬ್ಬನೇ. ಆದರೆ ವರದಿ ಸುಳ್ಳು ಎಂದು ಬರೆಯಬೇಕಾದರೆ ಬೇರೆ ಲ್ಯಾಬಿನಲ್ಲಿ ಮತ್ತೆ ನೋಡಿಸಬೇಕು. ನಮ್ಮ ಲ್ಯಾಬು ಮುಚ್ಚಿತ್ತು. ನಂಬುವಂಥ ಇನ್ನೊಂದನ್ನು ನಾನೇ ಮುಚ್ಚಿಸಿದ್ದೆ. ಮತ್ತೆ ನೋಡಿಸಿದರೆ ಹಳೆಯದೆಲ್ಲ ಒಂದೊಂದಾಗಿ ಎದ್ದು... ಸಹಿ ಹಾಕಿದೆ. ಒಂದು ಪ್ರತಿಯನ್ನು ಗಲ್ಲಿಗೆ ಕಳಿಸಿದೆ.

ಶಿವಣ್ಣ ಆ ಪ್ರತಿಯನ್ನು ಒಳ್ಳೆಯ ರಟ್ಟಿಗೆ ಅಂಟಿಸಿ, ಅಂಚಿಗೆ ಬಟ್ಟೆ ಪಟ್ಟಿ ಕಟ್ಟಿ, ಎಲ್ಲರಿಗೂ ಕಾಣಲಿ ಎಂದು ಪಂಪಿನ ಪಕ್ಕದ ಗೋಡೆಗೆ ನೇತುಹಾಕಿದ. ಹೆಂಡತಿ ಕೊಡ ಹೊರುವುದು ತಪ್ಪಿತು ಎಂದು ಅವನಿಗೆ ಸಮಾಧಾನವಾಗಿತ್ತು.

ಒಂದೂವರೆ ತಿಂಗಳ ಮೇಲೆ ಆ ಗಲ್ಲಿಯಲ್ಲಿ ಕಾಮಾಲೆ ಶುರುವಾಯಿತು. ಹಲವರಿಗೆ ಬಂತು, ಹಲವರು ಎದ್ದು ಓಡಾಡಿದರು. ಬಸುರಿಗೆ ಆ ಕಾಮಾಲೆ ಬಂದರೆ ತಡೆಯುವುದು ಕಷ್ಟ ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ. ಮಂಜುಳ ಐದು ದಿನ ಮಲಗಿದ್ದಳು. ಮಗುವೂ ಉಳಿಯಲಿಲ್ಲ.

ನೆಲ ಅಗೆಸಿದಾಗ ಚರಂಡಿ ಪೈಪಿನ ಕೀಲು ಬಿಟ್ಟಿತ್ತು. ಪಂಪಿಗೂ ಅದಕ್ಕೂ ಹತ್ತು ಹೆಜ್ಜೆ. ವಿಚಾರಣೆ ನಡೆಯಿತು. ನೀರು ತೆಗೆದ ದಿನ ಅದು ಚೆನ್ನಾಗಿಯೇ ಇತ್ತು, ಕೀಲು ಆಮೇಲೆ ಬಿಟ್ಟಿರಬೇಕು ಎಂದು ತೀರ್ಮಾನವಾಯಿತು. ಆ ತೀರ್ಮಾನಕ್ಕೆ ಆಧಾರ ನನ್ನ ಹೇಳಿಕೆ. ನಾನು ನೀರು ಮೂಸಿದ್ದನ್ನು ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ಗುತ್ತಿಗೆ ಮುಂದುವರಿಯಿತು.

ಮಂಜುಳ ಹೋದ ನಾಲ್ಕನೆಯ ದಿನ ಆ ಮನೆಗೆ ಹೋಗಿದ್ದೆ. ಕಚೇರಿಯ ಪರವಾಗಿ ಎಂದು ಹೇಳಿಕೊಂಡು ಹೋದೆ. ಕಳಿಸಿದವರು ಯಾರೂ ಇರಲಿಲ್ಲ. ಶಿವಣ್ಣ ಗೋಡೆಗೆ ಒರಗಿ ಕೂತಿದ್ದ. ಅವನ ಪಕ್ಕದಲ್ಲಿ ಒಂದು ಗಂಟೆ ಕೂತೆ. ಬಾಗಿಲ ಹೊರಗೆ, ಪಂಪಿನ ಹತ್ತಿರ, ಆ ರಟ್ಟು ಇನ್ನೂ ನೇತಾಡುತ್ತಿತ್ತು. ಕೆಳಗಡೆ ನನ್ನ ಸಹಿ. ಹೇಳಲೆಂದೇ ಹೋದವನು ಅವನ ಭುಜ ಮುಟ್ಟಿ ಎದ್ದು ಬಂದೆ.

ಆಮೇಲಿನ ವರ್ಷಗಳ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಬಡ್ತಿ ಬಂತು. ನಿವೃತ್ತಿಯಾಯಿತು. ನಿವೃತ್ತಿಯಾದ ವರ್ಷ, ಗೌರಿ ಹಬ್ಬದ ಹಿಂದಿನ ದಿನ, ಹೂವಿಗೆಂದು ಗಾಂಧಿ ಬಜಾರಿಗೆ ಹೋಗಿದ್ದೆ. ಜನ ಕಿಕ್ಕಿರಿದಿದ್ದರು. ಸೇವಂತಿಗೆ ಮಾರುವವಳ ಮುಂದೆ ಯಾರೋ ನನ್ನ ತೋಳು ಮುಟ್ಟಿದರು. ಲಲಿತಾಂಬ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನಗೆ ಓಡಿಹೋಗಬೇಕು ಅನಿಸಿತು, ಜನ ಬಿಡಲಿಲ್ಲ.

"ಒಂದು ಕೇಳ್ಲಾ ನಾಗಭೂಷಣ ಅವರೇ? ಬೇಜಾರ್ ಮಾಡ್ಕೋಬೇಡಿ. ಆ ಮೂರನೇ ಬಾಟಲ್ ನಿಜವಾಗ್ಲೂ ಒಡೆದಿತ್ತಾ?"

"ಹೌದು ಮೇಡಂ," ಎಂದೆ.

ಎರಡನೆಯ ಸಲ. ಈ ಸಲ ನನಗೆ ಹೋಗುವಂಥದ್ದು ಏನೂ ಇರಲಿಲ್ಲ—ಕೆಲಸವಿಲ್ಲ, ಬಡ್ತಿಯಿಲ್ಲ, ತಂಗಿಯ ಮಗಳು ಹೈಸ್ಕೂಲಿಗೆ ಹೋಗುತ್ತಿದ್ದಳು. ಆದರೂ ಸುಳ್ಳು ತಾನಾಗಿಯೇ ಬಾಯಿಗೆ ಬಂತು, ಅಭ್ಯಾಸದ ಹಾಗೆ.

ಅವರು ತಲೆಯಾಡಿಸಿದರು. "ಹಾಗಾದ್ರೆ ನಾನೇ ಎಲ್ಲೋ ತಪ್ಪಿದೀನಿ. ಇಷ್ಟ್ ವರ್ಷ ಆದ್ರೂ ಆ ನೋಟ್‌ಬುಕ್ ತೆಗ್ದು ನೋಡ್ತೀನಿ. ಎಲ್ಲಿ ಅಂತಾನೇ ಸಿಗಲ್ಲ. ಅದಕ್ಕೇ ಲ್ಯಾಬ್ ಮತ್ತೆ ಶುರು ಮಾಡೋ ಧೈರ್ಯ ಬರ್ಲಿಲ್ಲ ನೋಡಿ. ನನ್ ಕೈ ಮೇಲೆ ನಂಗೇ ನಂಬಿಕೆ ಹೋಯ್ತು."

ಹೂವು ಕಟ್ಟಿಸಿಕೊಂಡು ಹೋದರು. ನಾನು ಅವರ ಕೆಲಸ ಕಸಿದೆ ಎಂದಷ್ಟೇ ಅಂದುಕೊಂಡಿದ್ದೆ. ಅದಕ್ಕಿಂತ ದೊಡ್ಡದೇನನ್ನೋ ಕಸಿದಿದ್ದೆ—ಅದು ಅಲ್ಲಿ, ಆ ಸಂದಣಿಯಲ್ಲಿ, ಮೊದಲ ಸಲ ತಿಳಿಯಿತು.

ಮೊದಲು ಪದ್ಮಿನಿಗೆ ಹೇಳಿದೆ. ಯಾಕೆ ಅವಳಿಗೆ ಮೊದಲು? ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ನಿನಗೋಸ್ಕರ ಮಾಡಿದೆ ಎಂದು ಹೇಳಿದರೆ ಅವಳು ಅತ್ತು, ಅಣ್ಣಾ ಅಂದು, ಅರ್ಧ ಭಾರ ಹೊತ್ತುಕೊಳ್ಳುತ್ತಾಳೆ ಎಂದು ಎಲ್ಲೋ ಆಸೆಯಿತ್ತು. ಅವಳು ಪೂರ್ತಿ ಕೇಳಿಸಿಕೊಂಡಳು. ಅಳಲಿಲ್ಲ.

"ನನ್ ಹೆಸ್ರು ಯಾಕೆ ತರ್ತೀಯ ಇದ್ರಲ್ಲಿ? ನಾನು ಕೇಳಿದ್ನಾ?" ಎಂದಳು. ಮತ್ತೆ ಅವಳೇ, "ನೀವೆಲ್ಲ ಮಾತಾಡೋಕ್ ಮುಂಚೇನೇ ನಾವಿಬ್ರೂ ಸ್ಯಾಂಕಿ ಕೆರೆ ಹತ್ರ ಎರಡ್ ಸಲ ಭೇಟಿ ಆಗಿದ್ವಿ. ಅವರು ಒಪ್ಪಿ ಆಗಿತ್ತು. ಅವರಣ್ಣ ಬೇಡ ಅಂದಿದ್ರೂ ನಾವು ಮದ್ವೆ ಆಗ್ತಿದ್ವಿ. ನೀನು ಬಾಯಿ ಬಿಡೋದೇ ಬೇಕಿರ್ಲಿಲ್ಲ ಕಣೋ."

ಬೇಕಿರಲಿಲ್ಲ.

ಇಷ್ಟು ವರ್ಷ ನಾನು ಒಳಗೊಳಗೇ ಒರಗಿಕೊಂಡಿದ್ದ ಗೋಡೆ ಅದೊಂದೇ. ಅದೂ ಬಿತ್ತು. ಒಳ್ಳೆಯದೇ ಆಯಿತು.

ಮುಂದಿನ ವಾರ ಬಸವನಗುಡಿಗೆ ಹೋದೆ. ಟ್ಯೂಷನ್ನಿನ ಹುಡುಗರು ಹೊರಟಿದ್ದರು. ಲಲಿತಾಂಬ ಅವರ ಮುಂದೆ ಕೂತು, ಫ್ಲಾಸ್ಕಿನಿಂದ ಹಿಡಿದು ಸಿಂಕಿನವರೆಗೆ ಎಲ್ಲವನ್ನೂ ಹೇಳಿದೆ. "ನೀವು ಬರೆದ ಎಪ್ಪತ್ತೊಂಬತ್ತು ಪಾಯಿಂಟ್ ಆರು ಸರಿ ಮೇಡಂ. ನಾನೇ ನೋಡಿದೆ, ಎಂಬತ್ತು," ಎಂದೆ. ಅವರು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಚಾಮರಾಜಪೇಟೆಯದನ್ನೂ ಹೇಳಿದೆ. ಅದನ್ನು ಕೇಳಿ ತಲೆಯೆತ್ತಿದರು.

"ಆ ಹುಡುಗಿ ಮನೆಯೋರಿಗೆ ಹೇಳಿದ್ರಾ?"

"ಇಲ್ಲ."

"ಮತ್ತೆ ನನ್ ಹತ್ರ ಯಾಕ್ ಬಂದ್ರಿ ಮೊದ್ಲು? ನಾನಿನ್ನೂ ಬದುಕಿದೀನಿ."

ಕ್ಷಮಿಸಿ ಎಂದು ಕೇಳಬೇಕೆಂದು ಹೋಗಿದ್ದೆ. ಕೇಳಲಿಲ್ಲ. ಬಾಗಿಲವರೆಗೆ ಬಂದು ಅವರೇ ಗೇಟು ಹಾಕಿಕೊಂಡರು. ಅಂದು ಮನೆಗೆ ಬಂದು, ನಡೆದದ್ದನ್ನೆಲ್ಲ ಒಂದು ಹೇಳಿಕೆಯಾಗಿ ಬರೆದು, ಸಹಿ ಹಾಕಿ ಹಳೆಯ ಕಚೇರಿಗೆ ಕಳಿಸಿದೆ. ಅವರ ಹೆಸರಿನ ಮುಂದೆ ನಾನು ಬರೆದ ಸಾಲನ್ನು ಹೊಡೆದುಹಾಕಿ ಎಂದು ಕೇಳಿದ್ದೇನೆ. ಆ ಹೇಳಿಕೆಯ ಒಂದು ಪ್ರತಿ ಲಲಿತಾಂಬ ಅವರಿಗೂ ಹೋಗಿದೆ. ಕಚೇರಿಯಿಂದ ಉತ್ತರ ಬಂದಿಲ್ಲ.

ಶಿವಣ್ಣನನ್ನು ಹುಡುಕಲು ಎರಡು ತಿಂಗಳು ಹಿಡಿಯಿತು. ಗಲ್ಲಿ ಬಿಟ್ಟು ಹೋಗಿದ್ದ. ಮತ್ತಿಕೆರೆಯಲ್ಲಿ, ವಿದ್ಯಾರ್ಥಿಗಳ ರೂಮುಗಳ ನಡುವೆ, ಸಣ್ಣ ಬೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ ಎಂದು ಯಾರೋ ಹೇಳಿದರು. ಎರಡು ಸಲ ಅಂಗಡಿಯ ಎದುರಿನವರೆಗೆ ಹೋಗಿ ವಾಪಸ್ ಬಂದೆ. ಮೂರನೆಯ ಸಲ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು ನೋಡಿ ಒಳಗೆ ಹೋದೆ. ಅವನು ಯಾವುದೋ ಪ್ರಾಜೆಕ್ಟ್ ರಿಪೋರ್ಟಿಗೆ ಅಂಟು ಬಳಿಯುತ್ತಿದ್ದ. ತಲೆಯೆತ್ತಿದವನು ಕೂಡಲೇ ಗುರುತು ಹಿಡಿದ.

"ಸಾರ್! ನೀವಾ? ಬನ್ನಿ ಸಾರ್, ಕೂತ್ಕೊಳಿ." ಸ್ಟೂಲು ಒರೆಸಿ ಹಾಕಿದ. ಪಕ್ಕದ ಅಂಗಡಿಗೆ ಕೂಗಿ ಟೀ ತರಿಸಿದ. "ಮಂಜುಳ ಹೋದಾಗ ಅಷ್ಟ್ ದೊಡ್ಡ್ ಆಫೀಸಿಂದ ನೀವೊಬ್ರೇ ಸಾರ್ ಬಂದಿದ್ದು. ನನ್ ಪಕ್ಕ ನೆಲದ್ ಮೇಲೆ ಕೂತಿದ್ರಿ. ನಮ್ಮಮ್ಮ ಸಾಯೋವರ್ಗೂ ನಿಮ್ಮನ್ನ ನೆನೀತಿದ್ಲು."

ಟೀ ಲೋಟ ನನ್ನ ಕೈಯಲ್ಲಿತ್ತು. ಒಂದು ಗುಟುಕು ಕುಡಿದಿದ್ದೆ. ಏನೂ ಹೇಳದೆ, ಹೇಗಿದ್ದೀಯಪ್ಪ ಎಂದು ನಾಲ್ಕು ಮಾತಾಡಿ ಎದ್ದುಬಿಡಬಹುದಿತ್ತು. ಅವನ ಮನಸ್ಸಿನಲ್ಲಿ ಒಬ್ಬ ಒಳ್ಳೆಯ ಮನುಷ್ಯನಾಗಿ ಕೊನೆಯವರೆಗೂ ಇರಬಹುದಿತ್ತು—

ಹೇಳಿದೆ. ಚೊಂಬಿನ ನೀರು ಮೂಸಿದಾಗಲೇ ನನಗೆ ಗೊತ್ತಾಗಿತ್ತು ಎಂದೆ. ವರದಿ ಸುಳ್ಳು ಎಂದು ಗೊತ್ತಿದ್ದೂ ಸಹಿ ಹಾಕಿದೆ ಎಂದೆ. ಕೀಲು ಆಮೇಲೆ ಬಿಟ್ಟದ್ದಲ್ಲ, ಮೊದಲೇ ಬಿಟ್ಟಿತ್ತು ಎಂದೆ. ತಂಗಿಯ ವಿಷಯ ಎತ್ತಲಿಲ್ಲ, ದಿವಾಕರನ ವಿಷಯ ಅವನು ಕೇಳಲಿಲ್ಲ.

ಶಿವಣ್ಣ ಅಂಟಿನ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರಗಿಸಿಟ್ಟ. ಅಂಟು ಬಳಿದ ರಟ್ಟು ಒಣಗಿ ಮೇಲಕ್ಕೆ ಬಾಗತೊಡಗಿತು.

"ಹನ್ನೊಂದ್ ದಿನ ಹೊತ್ಲು ಸಾರ್ ಅವ್ಳು," ಎಂದ. "ಇನ್ನೂ ಹೊರ್ತಿದ್ಲು. ನೀವು ಕುಡೀಬೇಡ ಅಂದಿದ್ರೆ ಹೆರಿಗೆವರ್ಗೂ ಹೊರ್ತಿದ್ಲು."

ಆಮೇಲೆ ಅವನು ಎದ್ದು ಬಂದು, ಇನ್ನೂ ಮುಕ್ಕಾಲು ಟೀ ಇದ್ದ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡ.

"ಹೋಗಿ ಸಾರ್."

ಎದ್ದೆ. ಒಂದು ಕಾಗದದಲ್ಲಿ ನನ್ನ ವಿಳಾಸ ಬರೆದು ಅವನ ಮೇಜಿನ ಮೇಲಿಟ್ಟೆ. ಹೇಳಿಕೆಯ ಪ್ರತಿಯನ್ನೂ ಇಟ್ಟೆ. ಪೊಲೀಸರ ಮುಂದೆಯೋ, ಕೋರ್ಟಿಗೋ, ಇಲ್ಲ ಆ ಗಲ್ಲಿಯಲ್ಲಿ ಉಳಿದವರೆದುರೋ ಅವನು ಎಲ್ಲಿಗೆ ಕರೆದರೂ ಬರುತ್ತೇನೆ ಎಂದು ಹೇಳಿದೆ. ಅವನು ಅದರ ಕಡೆ ನೋಡಲಿಲ್ಲ.

ಮೂರು ತಿಂಗಳಾಯಿತು. ಅವನು ಕರೆದಿಲ್ಲ. ನಾನು ಬಾಡಿಗೆ ಮನೆ ಬದಲಿಸಬೇಕಾಗಿತ್ತು, ಬದಲಿಸಿಲ್ಲ. ಅವನ ಹತ್ತಿರ ಇರುವುದು ಈ ವಿಳಾಸ.